ಗೋಡೆಗೆ ಬಡಿದು ಬಂದ ಸಂಕೇತವನ್ನು ಹಿಡಿಯುವುದು ಹೇಗೆ?

2000ದ ಮೇ 2ರಂದು ಅಮೆರಿಕ ತನ್ನ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯವರೆಗೆ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದದ್ದು ನೂರು ಮೀಟರ್ ಆಚೀಚಿನ ನಿಖರತೆ. ಆಮೇಲಿನ ಕಾಲು ಶತಮಾನದಲ್ಲಿ ಉಳಿದ ದೋಷಗಳಿಗೂ ಒಂದೊಂದಾಗಿ ಮದ್ದು ಸಿಕ್ಕಿದೆ. ಅಯಾನುಗೋಳ ಸಂಕೇತವನ್ನು ಎಷ್ಟು ತಡಮಾಡಿತು ಎಂಬುದು ಎರಡು ಫ್ರೀಕ್ವೆನ್ಸಿಗಳನ್ನು ಹೋಲಿಸಿದರೆ ತಿಳಿಯುತ್ತದೆ. ಉಪಗ್ರಹದ ಗಡಿಯಾರ ಮತ್ತು ಕಕ್ಷೆಯ ತಪ್ಪುಗಳನ್ನು ನೆಲದ ಕೇಂದ್ರಗಳು ಅಳೆದು ಹೇಳುತ್ತವೆ. ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ಕೆಲಸ ಇದೇ. ಅದರ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಆದರೆ ಅದೇ ಕುಂದಲಹಳ್ಳಿಯಲ್ಲಿ ಗಾಜಿನ ಕಟ್ಟಡವೊಂದರ ಎದುರು ನಿಂತವರ ಫೋನಿಗೆ ಆ ಗಾಜಿನಿಂದ ಬರುವ ತಪ್ಪನ್ನು ಗಗನ್ ತಿದ್ದಲಾರದು. ಪ್ರತಿಫಲನದ ದೋಷ ಹುಟ್ಟುವುದು ರಿಸೀವರ್ ನಿಂತ ಜಾಗದಲ್ಲೇ. ಹತ್ತು ಹೆಜ್ಜೆ ಸರಿದರೆ ದೋಷವೇ ಬೇರೆ. ಅದನ್ನು ದೂರದಲ್ಲಿ ಕೂತು ಅಳೆದು ಎಲ್ಲರಿಗೂ ಹಂಚುವಂತಿಲ್ಲ.

ಹಾಗಾಗಿ ಈ ಕ್ಷೇತ್ರದವರು ಮೂವತ್ತು ವರ್ಷಗಳಿಂದ ಎರಡು ಕೆಲಸ ಮಾಡುತ್ತಿದ್ದಾರೆ: ಪ್ರತಿಫಲನದ ಪರಿಣಾಮವನ್ನು ತಗ್ಗಿಸುವುದು ಮತ್ತು ಪ್ರತಿಫಲನ ಆಗಿದೆ ಎಂದು ಕಂಡುಹಿಡಿಯುವುದು. ಮೊದಲನೆಯದಕ್ಕೆ ಪ್ರಚಾರ ಹೆಚ್ಚು. ನನಗೆ ಎರಡನೆಯದೇ ಮುಖ್ಯವಾಗಿ ಕಾಣುತ್ತದೆ. 'ನಾನು ಇಲ್ಲಿದ್ದೇನೆ, ಆದರೆ ಈ ಮಾತನ್ನು ಅಷ್ಟಾಗಿ ನಂಬಬೇಡಿ' ಎನ್ನಬಲ್ಲ ರಿಸೀವರ್, ತಪ್ಪು ಜಾಗವನ್ನು ಖಚಿತ ದನಿಯಲ್ಲಿ ಹೇಳುವ ರಿಸೀವರ್‌ಗಿಂತ ಎಷ್ಟೋ ಮೇಲು.

ಒಂದು ಸರಳ ಲೆಕ್ಕ ಹಾಕೋಣ. ನೀವು ರಸ್ತೆಯಲ್ಲಿ ನಿಂತಿದ್ದೀರಿ. ಎದುರಿಗೆ 20 ಮೀಟರ್ ದೂರದಲ್ಲಿ ಗಾಜಿನ ಗೋಡೆ. ಬೆನ್ನ ಹಿಂದಿನ ಆಕಾಶದಲ್ಲಿ, ದಿಗಂತದಿಂದ 45 ಡಿಗ್ರಿ ಮೇಲೆ ಒಂದು ಉಪಗ್ರಹ. ಅದರ ಸಂಕೇತ ನಿಮ್ಮ ತಲೆಯ ಮೇಲಿಂದ ಹಾದು ಗಾಜಿಗೆ ಬಡಿದು ನಿಮ್ಮತ್ತ ಮರಳಿದರೆ ಅದು ನಡೆಯುವ ಹೆಚ್ಚುವರಿ ದಾರಿ ಸುಮಾರು 28 ಮೀಟರ್. ಕಾಲದ ಲೆಕ್ಕದಲ್ಲಿ 94 ನ್ಯಾನೊಸೆಕೆಂಡ್. 20,200 ಕಿಲೋಮೀಟರ್ ಎತ್ತರದಿಂದ ಬಂದ ಸಂಕೇತಕ್ಕೆ ಇದು ಏನೇನೂ ಅಲ್ಲ. ಆದರೆ ರಸ್ತೆಯ ಈ ಬದಿಯವರನ್ನು ಆ ಬದಿಗೆ ದಾಟಿಸಲು ಇಷ್ಟೇ ಸಾಕು.

ಇಲ್ಲಿ ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡಬೇಕು. ಬಳಕೆಯಲ್ಲಿ ಎರಡನ್ನೂ 'ಮಲ್ಟಿಪಾತ್' ಎಂದು ಒಟ್ಟಿಗೆ ಕರೆದುಬಿಡುತ್ತಾರೆ, ಅದರಿಂದ ಗೊಂದಲ ಹೆಚ್ಚಿದೆ. ಒಂದರಲ್ಲಿ ನೇರ ಸಂಕೇತವೂ ಬರುತ್ತದೆ, ಅದರ ಬೆನ್ನಿಗೇ ಪ್ರತಿಫಲಿತವೂ ಬಂದು ಬೆರೆಯುತ್ತದೆ. ಆಗ ತಪ್ಪು ಹೆಚ್ಚಿನ ಕಡೆಗೂ ಹೋಗಬಹುದು, ಕಡಿಮೆ ಕಡೆಗೂ ಹೋಗಬಹುದು. ಎರಡು ಅಲೆಗಳು ಒಂದರ ಮೇಲೊಂದು ಹೇಗೆ ಕೂಡುತ್ತವೆ ಎಂಬುದರ ಮೇಲೆ ಅದು ನಿಂತಿದೆ. ಈ ತಪ್ಪಿಗೆ ಒಂದು ಮಿತಿಯೂ ಇದೆ. ಇನ್ನೊಂದರಲ್ಲಿ ನೇರ ದಾರಿ ಪೂರ್ತಿ ಮುಚ್ಚಿಹೋಗಿ, ಬಡಿದು ಬಂದದ್ದಷ್ಟೇ ಸಿಗುತ್ತದೆ. ಆಗ ಅಳತೆ ಯಾವಾಗಲೂ ನಿಜಕ್ಕಿಂತ ಉದ್ದ, ಎಷ್ಟು ಉದ್ದ ಎಂಬುದಕ್ಕೆ ಮಿತಿಯಿಲ್ಲ. ರಿಸೀವರ್ ಒಳಗಿನ ಅನೇಕ ಜಾಣ್ಮೆಗಳು ಮೊದಲನೆಯದಕ್ಕೆ ಮದ್ದು. ಎರಡನೆಯದರ ಮುಂದೆ ಅವು ನಡೆಯುವುದಿಲ್ಲ, ಏಕೆಂದರೆ ಹೋಲಿಸಿ ನೋಡಲು ನೇರ ಸಂಕೇತವೇ ಅಲ್ಲಿಲ್ಲ.

ಆ ಜಾಣ್ಮೆಗಳಲ್ಲಿ ಮುಖ್ಯವಾದುದು ಸಂಕೇತದ ಹೊಂದಾಣಿಕೆಯನ್ನು ನೋಡುವ ಬಗೆ. ಉಪಗ್ರಹ ಕಳಿಸುವ ಸಂಕೇತದ ಮಾದರಿ ರಿಸೀವರ್‌ಗೆ ಮೊದಲೇ ಗೊತ್ತು. ಅದು ತನ್ನದೇ ಪ್ರತಿಯೊಂದನ್ನು ಮಾಡಿಕೊಂಡು ಹಿಂದೆ ಮುಂದೆ ಸರಿಸುತ್ತಾ ಬಂದ ಸಂಕೇತಕ್ಕೆ ಹೊಂದಿಸುತ್ತದೆ. ಸರಿಯಾಗಿ ಹೊಂದಿದ ಕಡೆ ತ್ರಿಕೋನಾಕಾರದ ಶಿಖರ ಏಳುತ್ತದೆ. ಶಿಖರದ ಎರಡೂ ಬದಿಗಳಲ್ಲಿ ಒಂದೊಂದು ಅಳತೆ ತೆಗೆದು, ಎರಡೂ ಸಮನಾದಾಗ ನಡುವೆ ಶಿಖರ ಇದೆ ಎಂದು ತೀರ್ಮಾನಿಸುತ್ತದೆ. ಪ್ರತಿಫಲಿತ ಸಂಕೇತ ಸೇರಿದಾಗ ತ್ರಿಕೋನದ ಒಂದು ಮಗ್ಗುಲು ಉಬ್ಬುತ್ತದೆ ಅಥವಾ ಕುಗ್ಗುತ್ತದೆ. ಸಮತೋಲ ತಪ್ಪುತ್ತದೆ.

ಜಿಪಿಎಸ್‌ನ ಹಳೆಯ ನಾಗರಿಕ ಸಂಕೇತದಲ್ಲಿ ಒಂದು 'ಚಿಪ್'ನ, ಅಂದರೆ ಸಂಕೇತದ ಮಾದರಿಯ ಒಂದು ತುಣುಕಿನ, ಉದ್ದ 293 ಮೀಟರ್, ಅಂದರೆ ಶಿಖರ ಬಹಳ ಅಗಲ. ಎರಡು ಅಳತೆಗಳನ್ನು ಒಂದು ಚಿಪ್ ಅಂತರದಲ್ಲಿ ತೆಗೆದರೆ, ನೇರ ಸಂಕೇತದ ಅರ್ಧ ಬಲವುಳ್ಳ ಪ್ರತಿಫಲನ ಹೆಚ್ಚೆಂದರೆ 73 ಮೀಟರ್‌ವರೆಗೆ ದಾರಿ ತಪ್ಪಿಸಬಹುದು. 1992ರಲ್ಲಿ ಕೆನಡಾದ ನೊವಾಟೆಲ್ ಕಂಪನಿಯವರು ಈ ಅಂತರವನ್ನು ಚಿಪ್‌ನ ಹತ್ತನೇ ಒಂದಕ್ಕೆ ಇಳಿಸಿದ ಕೊರಿಲೇಟರನ್ನು (ಹೊಂದಾಣಿಕೆ ಅಳೆಯುವ ಭಾಗವನ್ನು) ಮಂಡಿಸಿದರು. ಅದೇ ಪ್ರತಿಫಲನದ ಗರಿಷ್ಠ ತಪ್ಪು ಕಾಗದದ ಲೆಕ್ಕದಲ್ಲಿ 7 ಮೀಟರ್ ಆಸುಪಾಸಿಗೆ ಬಂತು. ಅಲ್ಲಿಂದ ಮುಂದೆ ಎರಡೇ ಅಳತೆ ಸಾಲದೆಂದು ಶಿಖರದ ಉದ್ದಕ್ಕೂ ಹಲವು ಕಡೆ ಅಳೆದು ಅದರ ಆಕಾರವನ್ನೇ ಪರೀಕ್ಷಿಸುವ ವಿಧಾನಗಳು ಬಂದವು. ಆಕಾರ ವಕ್ರವಾಗಿದ್ದರೆ ಪ್ರತಿಫಲನ ಇದೆ. ಪತ್ತೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ.

ಆದರೂ ನಮ್ಮ ಉದಾಹರಣೆಯ 28 ಮೀಟರ್ ತಡ, 293 ಮೀಟರಿನ ಚಿಪ್ ಎದುರು ಹತ್ತರಲ್ಲಿ ಒಂದು ಪಾಲೂ ಅಲ್ಲ. ಎರಡು ಶಿಖರಗಳು ಒಂದರೊಳಗೊಂದು ಕರಗಿಹೋಗಿರುತ್ತವೆ. 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತ ಬಂದಾಗ ಚಿತ್ರ ಬದಲಾಯಿತು. ಜಿಪಿಎಸ್‌ನ ಎಲ್5ನಲ್ಲೂ ಯುರೋಪಿನ ಗೆಲಿಲಿಯೊ ವ್ಯವಸ್ಥೆಯ ಅದೇ ಫ್ರೀಕ್ವೆನ್ಸಿಯ ಸಂಕೇತದಲ್ಲೂ ಚಿಪ್‌ನ ಉದ್ದ 29.3 ಮೀಟರ್ ಮಾತ್ರ. 28 ಮೀಟರ್ ತಡವಾಗಿ ಬಂದದ್ದು ಅಲ್ಲಿ ಹೆಚ್ಚುಕಡಿಮೆ ಬೇರೆಯೇ ಶಿಖರವಾಗಿ ನಿಲ್ಲುತ್ತದೆ. 2018ರಲ್ಲಿ ಶಿಯೋಮಿಯ ಮಿ 8 ಮೂಲಕ ಎರಡು ಫ್ರೀಕ್ವೆನ್ಸಿಯ ರಿಸೀವರ್ ಮೊದಲ ಬಾರಿಗೆ ಫೋನಿಗೆ ಬಂತು. ನಗರದೊಳಗಿನ ಸ್ಥಾನ ನಿರ್ಣಯದಲ್ಲಿ ಜನಸಾಮಾನ್ಯರಿಗೆ ಇಷ್ಟು ನೇರವಾಗಿ ತಲುಪಿದ ಸುಧಾರಣೆ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಜಿಪಿಎಸ್‌ನ ಎಲ್ಲ ಉಪಗ್ರಹಗಳೂ ಎಲ್5 ಕಳಿಸುವುದಿಲ್ಲ ಎಂಬ ಕೊರತೆ ಉಳಿದಿದೆ. ಗೆಲಿಲಿಯೊ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾವಿಕ್ ಸಹ ಎಲ್5ನಲ್ಲಿದೆ ಎಂಬುದನ್ನೇ ಹಿಡಿದು, ಗಾಜಿನ ಗೋಡೆಗಳ ನಡುವೆ ಅದೂ ಅಷ್ಟೇ ಚೆನ್ನಾಗಿ ನಡೆಯುತ್ತದೆ ಎಂದು ಬರೆಯುವುದುಂಟು. ಫ್ರೀಕ್ವೆನ್ಸಿ ಅದೇ ಹೌದು. ಆದರೆ ನಾವಿಕ್‌ನ ನಾಗರಿಕ ಸಂಕೇತದ ಚಿಪ್ ದರ ಸೆಕೆಂಡಿಗೆ 10.23 ದಶಲಕ್ಷವಲ್ಲ, 1.023 ದಶಲಕ್ಷ. ಅಂದರೆ ಚಿಪ್‌ನ ಉದ್ದ ಮತ್ತೆ 293 ಮೀಟರ್. ಪ್ರತಿಫಲನವನ್ನು ಬೇರ್ಪಡಿಸುವ ಶಕ್ತಿ ಬರುವುದು ಚಿಪ್‌ನಿಂದ, ಫ್ರೀಕ್ವೆನ್ಸಿಯಿಂದಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಜಿಪಿಎಸ್‌ನ ಹಳೆಯ ನಾಗರಿಕ ಸಂಕೇತ ಇರುವ ಎಲ್1 ಪಟ್ಟಿಯಲ್ಲಿ ಹೊಸ ಬಗೆಯ ಸಂಕೇತ ಸೇರಿದೆ. ಅದರ ಶಿಖರ ಹೆಚ್ಚು ಚೂಪಾಗಿರುವುದು ಸಮಾಧಾನದ ವಿಷಯ.

ಶಿಖರದ ಆಕಾರ ನೋಡಲು ರಿಸೀವರ್ ತಯಾರಕರ ಸಹಕಾರ ಬೇಕು. ಹೊರಗಿನವರಿಗೆ ಸಿಗುವುದು ರಿಸೀವರ್ ಕೊಡುವ ಅಳತೆಗಳು ಮಾತ್ರ. ಅವುಗಳಿಂದಲೇ ಪ್ರತಿಫಲನವನ್ನು ಹಿಡಿಯುವುದು ಹೇಗೆ? ಮೊದಲು ಎಲ್ಲರ ಕಣ್ಣು ಹೋಗುವುದು ಸಿಗ್ನಲ್‌ನ ಬಲದ ಕಡೆಗೆ. 2016ರಿಂದ ಆಂಡ್ರಾಯ್ಡ್ ಫೋನುಗಳು ಕಚ್ಚಾ ಅಳತೆಗಳನ್ನೇ ಆ್ಯಪ್‌ಗಳಿಗೆ ಕೊಡುತ್ತಿವೆ, ಹಾಗಾಗಿ ಯಾರು ಬೇಕಾದರೂ ನೋಡಬಹುದು. ಬಯಲಾದ ತಾರಸಿಯ ಮೇಲೆ ಎತ್ತರದ ಉಪಗ್ರಹವೊಂದು 40–45 ಡೆಸಿಬೆಲ್-ಹರ್ಟ್ಸ್ ತೋರಿಸುತ್ತದೆ. ಮೆಟ್ಟಿಲ ಕೋಣೆಯ ಗೋಡೆಗೆ ಒತ್ತಿ ನಿಂತರೆ ಅದೇ ಉಪಗ್ರಹ 30ರ ಸುತ್ತ ಏರಿಳಿಯತೊಡಗುತ್ತದೆ. ಆಕಾಶದಲ್ಲಿ ಎತ್ತರದಲ್ಲಿರುವ ಉಪಗ್ರಹದ ಬಲ ಕುಸಿದಿದ್ದರೆ ಅನುಮಾನಿಸಬೇಕು. ತೊಂದರೆ ಎಂದರೆ ಅಂಗೈ ಅಡ್ಡ ಬಂದರೂ ಬಲ ಕುಸಿಯುತ್ತದೆ, ತೆಂಗಿನ ಗರಿ ಅಡ್ಡ ಬಂದರೂ ಕುಸಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡು ಅಲೆಗಳು ಪರಸ್ಪರ ಪೂರಕವಾಗಿ ಕೂಡಿದರೆ ಬಲ ಹೆಚ್ಚಿಯೂ ಹೆಚ್ಚುತ್ತದೆ. ಬಲವಾದ ಸಂಕೇತವೆಲ್ಲ ಶುದ್ಧವೆಂದು ನಂಬಿದರೆ ಮೋಸ ಹೋಗುತ್ತೇವೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಲ್ ಗ್ರೋವ್ಸ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ಉಪಾಯ ಸೊಗಸಾದದ್ದು. ಒಂದೇ ಉಪಗ್ರಹದಿಂದ ಮೂರು ಫ್ರೀಕ್ವೆನ್ಸಿಗಳಲ್ಲಿ ಬರುವ ಬಲಗಳನ್ನು ಹೋಲಿಸುವುದು. ಎಲ್1ರ ತರಂಗಾಂತರ 19 ಸೆಂಟಿಮೀಟರ್, ಎಲ್5ರದ್ದು 25.5. ಹೆಚ್ಚುವರಿ ದಾರಿ ಒಂದೇ ಆದರೂ ಒಂದು ಅಲೆಗೆ ಅದು ಪೂರಕವಾದರೆ ಇನ್ನೊಂದಕ್ಕೆ ಮಾರಕವಾಗಬಹುದು. ಬಯಲಿನಲ್ಲಿ ಇರಬೇಕಾದ ವ್ಯತ್ಯಾಸ ಎಷ್ಟೆಂದು ಮೊದಲೇ ಅಳೆದಿಟ್ಟುಕೊಂಡರೆ, ಅದು ಕದಲಿದ ಕೂಡಲೇ ಪ್ರತಿಫಲನ ಸಿಕ್ಕಿಬೀಳುತ್ತದೆ. ಅಂಗೈ ಅಡ್ಡ ಬಂದರೆ ಮೂರೂ ಒಟ್ಟಿಗೆ ಇಳಿಯುವುದೇ ಹೆಚ್ಚು, ಗೋಡೆಯ ಆಟದಲ್ಲಿ ಅವು ಬೇರೆ ಬೇರೆ ಕುಣಿಯುತ್ತವೆ. ನಾವಿಕ್‌ನ ಎಲ್5 ಮತ್ತು 2492 ಮೆಗಾಹರ್ಟ್ಸ್‌ನ ಎಸ್ ಪಟ್ಟಿಯ ನಡುವೆ ತರಂಗಾಂತರ ಎರಡು ಪಟ್ಟಿಗಿಂತ ಹೆಚ್ಚು ಬೇರೆ. ಈ ಪರೀಕ್ಷೆಗೆ ಅದು ಹೇಳಿ ಮಾಡಿಸಿದಂತಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೈಗೆತ್ತಿಕೊಳ್ಳಬೇಕಾದ ಕೆಲಸವಿದು.

ಇನ್ನೊಂದು ದಾರಿ ಕೋಡ್ ಅಳತೆಯನ್ನು, ಅಂದರೆ ಸಂಕೇತದ ಮಾದರಿಯಿಂದ ಸಿಗುವ ದೂರವನ್ನು, ಆ ಮಾದರಿಯನ್ನು ಹೊತ್ತು ತರುವ ವಾಹಕ ತರಂಗದ ಅಳತೆಯೊಂದಿಗೆ ಹೋಲಿಸುವುದು. ಕೋಡ್‌ನಲ್ಲಿ ಪ್ರತಿಫಲನದ ತಪ್ಪು ಮೀಟರುಗಟ್ಟಲೆ ಇರಬಹುದು. ವಾಹಕ ತರಂಗದಲ್ಲಿ ಅದು ತರಂಗಾಂತರದ ಕಾಲು ಭಾಗವನ್ನು, ಅಂದರೆ ಎಲ್1ರಲ್ಲಿ 4.8 ಸೆಂಟಿಮೀಟರನ್ನು ಮೀರುವುದಿಲ್ಲ. ಒಂದರಿಂದ ಒಂದನ್ನು ಕಳೆದು, ಅಯಾನುಗೋಳದ ಪಾಲನ್ನು ಎರಡು ಫ್ರೀಕ್ವೆನ್ಸಿಗಳಿಂದ ತೆಗೆದುಹಾಕಿದರೆ, ಉಳಿಯುವುದು ಬಹುತೇಕ ಕೋಡ್‌ನ ಪ್ರತಿಫಲನದ ತಪ್ಪೇ. ಪ್ರಪಂಚದ ಸ್ಥಿರ ಕೇಂದ್ರಗಳೆಲ್ಲ ತಮ್ಮ ಜಾಗದ ಗುಣಮಟ್ಟ ಅಳೆಯುವುದು ಹೀಗೇ. ಇದರಲ್ಲಿ ಒಂದು ಕುರುಡು ಚುಕ್ಕೆ ಇದೆ. ವಾಹಕ ತರಂಗದ ಅಳತೆ ಎಲ್ಲಿಂದ ಶುರುವಾಯಿತೆಂದು ಗೊತ್ತಿರುವುದಿಲ್ಲ. ಆದ್ದರಿಂದ ಬದಲಾಗುವ ತಪ್ಪು ಕಾಣುತ್ತದೆ, ಬದಲಾಗದೆ ಕೂತ ತಪ್ಪು ಕಾಣುವುದಿಲ್ಲ.

ಜಿಪಿಎಸ್ ಉಪಗ್ರಹ ಸದಾ ಚಲಿಸುತ್ತಿರುವುದರಿಂದ ತಪ್ಪೂ ಏರಿಳಿಯುತ್ತದೆ, ಆದ್ದರಿಂದ ಸಿಗುತ್ತದೆ. ಆದರೆ ನಾವಿಕ್‌ನ ವಿನ್ಯಾಸದಲ್ಲಿ ಮೂರು ಉಪಗ್ರಹಗಳ ಜಾಗ ಭೂಸ್ಥಿರ ಕಕ್ಷೆ. ಪೂರ್ವ ರೇಖಾಂಶ 83 ಡಿಗ್ರಿಯ ಉಪಗ್ರಹ ಬೆಂಗಳೂರಿಗೆ 70 ಡಿಗ್ರಿಗಿಂತ ಎತ್ತರದಲ್ಲಿ ಕಾಣುತ್ತದೆ, ಕಟ್ಟಡಗಳ ನಡುವಿನ ಬೀದಿಗೆ ಇದು ವರವೇ ಸರಿ. ಆದರೆ 32.5 ಡಿಗ್ರಿಯ ಸ್ಥಾನ ಪಶ್ಚಿಮದಲ್ಲಿ ಸುಮಾರು 36 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಉತ್ತರ–ದಕ್ಷಿಣವಾಗಿ ಸಾಗುವ ಬೀದಿಯಲ್ಲಿ ಪಶ್ಚಿಮದ ಕಟ್ಟಡ ಅದನ್ನು ಮರೆಮಾಡಿ, ಪೂರ್ವದ ಗಾಜು ಅದನ್ನು ಪ್ರತಿಫಲಿಸಿದರೆ, ಬೆಳಗಿನಿಂದ ಸಂಜೆವರೆಗೆ, ಇಂದಿನಿಂದ ನಾಳೆಗೆ, ಅದೇ ತಪ್ಪು ಬಹುತೇಕ ಹಾಗೇ ಇರುತ್ತದೆ. ಸರಾಸರಿ ತೆಗೆದರೂ ಹೋಗುವುದಿಲ್ಲ. ಚೀನಾದ ಬೈದೌ ವ್ಯವಸ್ಥೆಯ ಭೂಸ್ಥಿರ ಉಪಗ್ರಹಗಳಲ್ಲೂ ಈ ತೊಂದರೆ ಚೆನ್ನಾಗಿ ದಾಖಲಾಗಿದೆ.

ಚಲಿಸುವ ಉಪಗ್ರಹಗಳ ವಿಷಯದಲ್ಲಿ ಪ್ರಕೃತಿಯೇ ಒಂದು ಪರೀಕ್ಷೆಯನ್ನು ಒದಗಿಸಿದೆ. ಜಿಪಿಎಸ್ ಉಪಗ್ರಹ ನಕ್ಷತ್ರ ದಿನವೊಂದರಲ್ಲಿ ಎರಡು ಸುತ್ತು ಹಾಕುವುದರಿಂದ ಇಂದು ಕಂಡ ಜಾಗದಲ್ಲೇ ನಾಳೆ ಸುಮಾರು ನಾಲ್ಕು ನಿಮಿಷ ಮೊದಲು ಕಾಣುತ್ತದೆ. ಆಂಟೆನಾ ಕದಲದಿದ್ದರೆ ಗೋಡೆ, ಬೇಲಿ, ನೆಲಗಳಿಂದ ಬರುವ ತಪ್ಪಿನ ಅಲೆಯೂ ನಾಲ್ಕು ನಿಮಿಷ ಮೊದಲು ಹಾಗೇ ಮರುಕಳಿಸುತ್ತದೆ. ಎರಡು ದಿನದ ದಾಖಲೆಯನ್ನು ಆ ಅಂತರದಲ್ಲಿ ಒಂದರ ಮೇಲೊಂದಿಟ್ಟು ನೋಡಿದರೆ ಸಾಕು: ಮರುಕಳಿಸಿದ್ದು ಪ್ರತಿಫಲನ, ಮರುಕಳಿಸದ್ದು ಗದ್ದಲ ಅಥವಾ ನಿಜವಾದ ಚಲನೆ. ಭೂಫಲಕಗಳ ಚಲನೆಯನ್ನು ಮಿಲಿಮೀಟರುಗಳಲ್ಲಿ ಅಳೆಯುವವರು 1990ರ ದಶಕದಿಂದ ಇದನ್ನು ಬಳಸುತ್ತಿದ್ದಾರೆ. ಸಂಚರಿಸುವ ವಾಹನಕ್ಕೆ ಮಾತ್ರ ಇದರಿಂದ ಉಪಯೋಗವಿಲ್ಲ.

ನಮ್ಮ ರಾಜ್ಯದ ಭೂಮಾಪಕರಿಗೆ ಇದೆಲ್ಲ ಹತ್ತಿರದ ವಿಷಯ. ಸರ್ವೆ ಆಫ್ ಇಂಡಿಯಾದ ನಿರಂತರ ಕೇಂದ್ರಗಳ ಜಾಲ ಕರ್ನಾಟಕದಲ್ಲಿದೆ, ಸರಪಳಿಯ ಜಾಗಕ್ಕೆ ಕೋಲಿನ ಮೇಲೆ ಹಿಡಿಯುವ ರಿಸೀವರ್ ಆದ ರೋವರ್ ಬರುತ್ತಿದೆ. ಬಯಲು ಹೊಲದಲ್ಲಿ ಅದು ಎರಡು ಮೂರು ಸೆಂಟಿಮೀಟರಿಗೆ ಗಡಿಕಲ್ಲನ್ನು ಹೇಳುತ್ತದೆ. ಊರೊಳಗೆ, ಶೀಟಿನ ಮನೆಯ ಸೂರಿನಂಚಿಗೆ ಕೋಲು ನಿಲ್ಲಿಸಿದಾಗಲೂ ಪರದೆಯ ಮೇಲೆ 'ಫಿಕ್ಸ್', ಅಂದರೆ ಸ್ಥಾನ ಖಚಿತವಾಯಿತು ಎಂದು ಬರಬಹುದು. ಆ ಫಿಕ್ಸ್ ಸರಿಯಾಗಿದ್ದರೂ ಕೆಲವು ಸೆಂಟಿಮೀಟರ್ ಸರಿದಿರಬಹುದು. ಪ್ರತಿಫಲನದಿಂದ ತರಂಗಗಳ ಎಣಿಕೆಯೇ ತಪ್ಪಿದ್ದರೆ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು, ಪರದೆ ಮಾತ್ರ ಅದೇ ಫಿಕ್ಸ್ ತೋರಿಸುತ್ತಿರುತ್ತದೆ. ಇದಕ್ಕೆ ಹಳೆಯ ಕಟ್ಟುನಿಟ್ಟಿನ ಅಭ್ಯಾಸವೇ ಮದ್ದು: ಫಿಕ್ಸ್ ಬಿಟ್ಟು, ಉಪಗ್ರಹಗಳ ಜಾಗ ಬದಲಾಗುವಷ್ಟು ಹೊತ್ತು ಕಾದು, ಅದೇ ಬಿಂದುವನ್ನು ಮತ್ತೆ ಅಳೆಯುವುದು. ಎರಡು ಅಳತೆಗಳು ಕೂಡದಿದ್ದರೆ ಗೋಡೆಯಿಂದ ದೂರದಲ್ಲಿ ಬಿಂದು ಹಿಡಿದು ಟೇಪಿನಿಂದ ಅಳೆಯುವುದು. 30 ಅಡಿ ಅಗಲದ ನಿವೇಶನದ ಮೇಲೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ನಾಡಿದು. ಆ ಮರು ಅಳತೆಗೆ ಹೋಗುವ ಅರ್ಧ ಮುಕ್ಕಾಲು ಗಂಟೆಯನ್ನು ಇಲಾಖೆ ಭೂಮಾಪಕರಿಗೆ ಕೊಡಲೇಬೇಕು.

ಆಂಟೆನಾದ ಕಡೆಯಿಂದಲೂ ಪತ್ತೆ ಸಾಧ್ಯ. ಉಪಗ್ರಹದ ಸಂಕೇತ ಬಲಕ್ಕೆ ತಿರುಚಿದ ಧ್ರುವೀಕರಣದಲ್ಲಿ ಬರುತ್ತದೆ, ಒಮ್ಮೆ ಗೋಡೆಗೆ ಬಡಿದರೆ ಬಹುಮಟ್ಟಿಗೆ ಎಡಕ್ಕೆ ತಿರುಗುತ್ತದೆ. ಎರಡನ್ನೂ ಬೇರೆ ಬೇರೆ ಹಿಡಿಯುವ ಆಂಟೆನಾ ಇದ್ದರೆ, ಎಡದ್ದು ಹೆಚ್ಚಾದಾಗ ಅನುಮಾನಿಸಬಹುದು. ಎರಡು ಬಾರಿ ಬಡಿದರೆ ಮತ್ತೆ ಬಲಕ್ಕೇ ತಿರುಗುವುದು ಇದರ ಮಿತಿ. ಫೋನಿನೊಳಗಿನ ಪುಟ್ಟ ಆಂಟೆನಾಕ್ಕಂತೂ ಎಡಬಲಗಳ ಭೇದವೇ ತಿಳಿಯದು. ಸ್ಥಿರ ಕೇಂದ್ರಗಳಲ್ಲಿ ಕಾಣುವ, ಬಳೆಬಳೆಯಾದ ಲೋಹದ ಚೋಕ್ ರಿಂಗ್ ಆಂಟೆನಾ ನೆಲದಿಂದ ಬರುವುದನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕಿಂತ ಎತ್ತರದ ಕಟ್ಟಡದಿಂದ ಬರುವುದನ್ನು ತಡೆಯಲಾರದು.

ಇಲ್ಲಿಯವರೆಗೆ ಒಂದೊಂದೇ ಉಪಗ್ರಹದ ಮಾತಾಯಿತು. ಎಲ್ಲ ಉಪಗ್ರಹಗಳ ಅಳತೆಗಳನ್ನು ಎದುರುಬದುರು ನಿಲ್ಲಿಸುವ ವಿಧಾನ ವಿಮಾನಯಾನದಿಂದ ಬಂದದ್ದು, ಅದಕ್ಕೆ ರೈಮ್ ಎಂದು ಹೆಸರು. ಸ್ಥಾನ ತಿಳಿಯಲು ನಾಲ್ಕು ಉಪಗ್ರಹ ಸಾಕು. ಐದಿದ್ದರೆ ಯಾವುದೋ ಒಂದು ತಪ್ಪು ಹೇಳುತ್ತಿದೆ ಎಂದು ತಿಳಿಯಬಹುದು. ಆರಿದ್ದರೆ ಯಾವುದೆಂದು ಗುರುತಿಸಿ ಹೊರಗಿಡಬಹುದು. ಇದರ ಬುಡದಲ್ಲಿರುವ ನಂಬಿಕೆ, ತಪ್ಪುವವರು ಒಬ್ಬರು, ಹೆಚ್ಚಿನವರು ಸತ್ಯವಂತರು ಎಂಬುದು. ಬೋಳು ಆಕಾಶದಲ್ಲಿ ಹಾರುವ ವಿಮಾನಕ್ಕೆ ಅದು ಸರಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ರಸ್ತೆಯ ಒಂದು ಬದಿಯ ಉಪಗ್ರಹಗಳೆಲ್ಲ ಮರೆಯಾಗಿ, ಎದುರಿನ ಒಂದೇ ಗಾಜಿನಿಂದ ಬರುತ್ತಿರುತ್ತವೆ. ಅವುಗಳ ತಪ್ಪುಗಳು ಒಂದೇ ದಿಕ್ಕಿನವು, ಪರಸ್ಪರ ಹೊಂದಿಕೊಳ್ಳುತ್ತವೆ. ಆಗ ಹೊರಬೀಳುವುದು ಸುಳ್ಳು ಹೇಳಿದವಲ್ಲ, ನಿಜ ಹೇಳುತ್ತಿದ್ದ ಒಂಟಿ ಉಪಗ್ರಹ. ಗುರುತಿಸಿದ ಮೇಲೂ ಕಷ್ಟ ಮುಗಿಯುವುದಿಲ್ಲ. ರಸ್ತೆಯ ಅಡ್ಡ ದಿಕ್ಕಿನ ಉಪಗ್ರಹಗಳನ್ನೆಲ್ಲ ಕಿತ್ತೆಸೆದರೆ ಉಳಿಯುವುದು ಉದ್ದ ದಿಕ್ಕಿನವು ಮಾತ್ರ, ಎಡಬದಿಯೋ ಬಲಬದಿಯೋ ಹೇಳುವ ಶಕ್ತಿಯೇ ಹೊರಟುಹೋಗುತ್ತದೆ. ಹೊರಗಿಡುವುದಕ್ಕಿಂತ ತೂಕ ಇಳಿಸುವುದು ವಿವೇಕ ಎಂಬ ಪಕ್ಷ ನನ್ನದು.

ಇಂಥಲ್ಲಿ ಸಂಕೇತದ ಹೊರಗಿನ ಸಾಕ್ಷ್ಯ ಬೇಕಾಗುತ್ತದೆ. ಕಾರಿಗೆ ಚಕ್ರದ ಎಣಿಕೆ ಮತ್ತು ಜಡತ್ವದ ಸಂವೇದಕಗಳಿವೆ. ಎರಡು ಸೆಕೆಂಡಿನಲ್ಲಿ 25 ಮೀಟರ್ ಬದಿಗೆ ಜಿಗಿದೆ ಎಂದು ಉಪಗ್ರಹ ಹೇಳಿದರೆ ಅವು ಒಪ್ಪುವುದಿಲ್ಲ. ಜಪಾನಿನ ಸಂಶೋಧಕರು ಕಾರಿನ ಮಾಡಿನ ಮೇಲೆ ಆಕಾಶ ನೋಡುವ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಕಟ್ಟಡದ ಹಿಂದಿರುವ ಉಪಗ್ರಹಗಳನ್ನು ಚಿತ್ರದಿಂದಲೇ ಬೇರ್ಪಡಿಸಿದರು. ಫೋನುಗಳಿಗೆ ಸಿಕ್ಕಿದ ದಾರಿ ಕಟ್ಟಡಗಳ ಮೂರು ಆಯಾಮದ ನಕ್ಷೆ. 2011ರಲ್ಲಿ ಗ್ರೋವ್ಸ್ ಮಂಡಿಸಿದ ನೆರಳು ಹೊಂದಿಸುವ ವಿಧಾನ ಪ್ರಶ್ನೆಯನ್ನೇ ತಿರುಗಿಸಿತು: ಯಾವ ಉಪಗ್ರಹ ಕಾಣುತ್ತಿಲ್ಲ ಎಂಬುದೂ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. 2020ರ ಕೊನೆಗೆ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಕಟ್ಟಡಗಳ ನಕ್ಷೆಯಿಂದ ಸ್ಥಾನ ತಿದ್ದುವ ಸೌಲಭ್ಯ ತಂದಿತು. ನಕ್ಷೆ ಎಷ್ಟು ಹೊಸದೋ ಪತ್ತೆ ಅಷ್ಟೇ ನಂಬಿಕೆಗೆ ಅರ್ಹ. ಎರಡು ವರ್ಷದಲ್ಲಿ ಹದಿನೈದು ಮಹಡಿ ಏಳುವ, ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಹಳಿ ಹಾಯುವ ಊರಿನಲ್ಲಿ ಅದು ಸಣ್ಣ ಷರತ್ತಲ್ಲ.

ಈಚಿನ ಪ್ರಬಂಧಗಳಲ್ಲಿ ಯಂತ್ರ ಕಲಿಕೆಯದ್ದೇ ಭರಾಟೆ. ಬಲ, ಎತ್ತರ, ಅಳತೆಯ ಹೊಂದಿಕೆ, ಶಿಖರದ ಆಕಾರ ಎಲ್ಲವನ್ನೂ ಕೊಟ್ಟು, ನೇರವೋ ಬಡಿದು ಬಂದದ್ದೋ ಎಂದು ವಿಂಗಡಿಸಲು ಕಲಿಸುತ್ತಾರೆ. ಕಲಿತ ಬೀದಿಯಲ್ಲಿ ಫಲಿತಾಂಶ ಚೆನ್ನ, ಬೇರೆ ಊರಿಗೆ ಹೋದಾಗ ಕುಸಿಯುತ್ತದೆ. ಹಾಂಗ್‌ಕಾಂಗಿನ ಗೋಪುರಗಳ ನಡುವೆ ಕಲಿತದ್ದು ನಮ್ಮ ಆಲದ ಮರ, ಶೀಟಿನ ಮಳಿಗೆ, ಮೇಲ್ಸೇತುವೆಗಳ ಕೆಳಗೆ ಹಾಗೇ ನಡೆಯುತ್ತದೆಂದು ಎಣಿಸಲು ಕಾರಣವಿಲ್ಲ. ನಮ್ಮ ರಸ್ತೆಗಳ ದತ್ತಾಂಶ ನಾವೇ ಕೂಡಿಸಿ ಎಲ್ಲರಿಗೂ ತೆರೆದಿಡಬೇಕು.

ಒಬ್ಬರ ದೋಷ ಇನ್ನೊಬ್ಬರ ಅಳತೆಯಾದದ್ದನ್ನೂ ಹೇಳಬೇಕು. ಕೊಲರಾಡೊ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಲಾರ್ಸನ್, ನೆಲದಿಂದ ಬಡಿದು ಬರುವ ಸಂಕೇತದ ಏರಿಳಿತದಿಂದಲೇ ಮಣ್ಣಿನ ತೇವ, ಹಿಮದ ಆಳ, ಸಮುದ್ರದ ಮಟ್ಟವನ್ನು ಅಳೆದು ತೋರಿಸಿದರು. 2016ರ ಡಿಸೆಂಬರಿನಲ್ಲಿ ನಾಸಾ ಹಾರಿಸಿದ ಸಿಗ್ನಸ್‌ನ ಎಂಟು ಪುಟ್ಟ ಉಪಗ್ರಹಗಳು ಸಾಗರದಿಂದ ಮರಳುವ ಜಿಪಿಎಸ್ ಸಂಕೇತ ಹಿಡಿದು ಚಂಡಮಾರುತದ ಗಾಳಿಯ ವೇಗ ಹೇಳಿವೆ. ಪ್ರತಿಫಲನವನ್ನು ಇಷ್ಟು ಸೂಕ್ಷ್ಮವಾಗಿ ಓದಬಲ್ಲೆವು ಎಂದಮೇಲೆ ರಸ್ತೆಯಲ್ಲಿ ಅದು ಇದೆಯೋ ಇಲ್ಲವೋ ಎಂದು ದಾಖಲಿಸುವುದು ಕೈಮೀರಿದ್ದಲ್ಲ.

ಆ ದಾಖಲೆಗೆ ಈಗ ತುರ್ತು ಬಂದಿದೆ. ಉಪಗ್ರಹ ಆಧಾರಿತ ಟೋಲ್‌ನ ಪ್ರಯೋಗಕ್ಕೆ ಕೇಂದ್ರ ಸರ್ಕಾರ ಆರಿಸಿಕೊಂಡ ಎರಡು ರಸ್ತೆಗಳಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಒಂದು. 2024ರ ಸೆಪ್ಟೆಂಬರಿನಲ್ಲಿ ಇದಕ್ಕಾಗಿ ನಿಯಮವೂ ತಿದ್ದುಪಡಿಯಾಯಿತು. ದೇಶದಾದ್ಯಂತ ಜಾರಿಗೆ ತರುವ ತೀರ್ಮಾನ ಆಗಿಲ್ಲವೆಂದು 2025ರ ಏಪ್ರಿಲಿನಲ್ಲಿ ರಸ್ತೆ ಸಾರಿಗೆ ಸಚಿವಾಲಯ ಸ್ಪಷ್ಟಪಡಿಸಿತು. ಎಂದು ಬಂದರೂ ಪ್ರಶ್ನೆ ಇದೇ: ವಾಹನ ಆರು ಪಥದ ಮುಖ್ಯ ರಸ್ತೆಯಲ್ಲಿದೆಯೋ, ತಡೆಬೇಲಿಯ ಆಚೆ ಟೋಲ್ ಇಲ್ಲದ ಸರ್ವಿಸ್ ರಸ್ತೆಯಲ್ಲಿದೆಯೋ? ಅಂತರ ಕೆಲವೇ ಮೀಟರ್, ಪಕ್ಕದಲ್ಲಿ ಮೇಲ್ಸೇತುವೆಯ ಕಾಂಕ್ರೀಟ್ ಗೋಡೆ, ಅಕ್ಕಪಕ್ಕ ಬಸ್ಸು ಲಾರಿಗಳು. 2005ರಿಂದ ಲಾರಿಗಳಿಗೆ ಉಪಗ್ರಹ ಟೋಲ್ ನಡೆಸುತ್ತಿರುವ ಜರ್ಮನಿ, ಸಮಾನಾಂತರ ರಸ್ತೆಗಳಿರುವ ಕಡೆ ಉಪಗ್ರಹವನ್ನೇ ನೆಚ್ಚದೆ ರಸ್ತೆಬದಿಯಲ್ಲಿ ಬೀಕನ್ ಕಂಬಗಳನ್ನು ನಿಲ್ಲಿಸಿತು. ಆ ಎಚ್ಚರ ಇಲ್ಲಿಯೂ ಬೇಕು.

ನಮ್ಮಲ್ಲಿ ವಾಣಿಜ್ಯ ವಾಹನಗಳ ಟ್ರ್ಯಾಕರುಗಳಿಗೆ ಎಐಎಸ್-140 ಎಂಬ ಮಾನದಂಡವಿದೆ. ಟ್ರ್ಯಾಕರ್ ಕಳಿಸುವ ಪ್ರತಿ ಸಾಲಿನಲ್ಲಿ ಅಕ್ಷಾಂಶ, ರೇಖಾಂಶಗಳ ಜೊತೆ ಉಪಗ್ರಹಗಳ ಸಂಖ್ಯೆ ಮತ್ತು ಎಚ್‌ಡಿಒಪಿ ಇರುತ್ತವೆ. ಎಚ್‌ಡಿಒಪಿ ಹೇಳುವುದು ಉಪಗ್ರಹಗಳು ಆಕಾಶದಲ್ಲಿ ಎಷ್ಟು ಹರಡಿಕೊಂಡಿವೆ ಎಂಬುದನ್ನು ಮಾತ್ರ. ಅವುಗಳಲ್ಲಿ ಅರ್ಧದಷ್ಟು ಗೋಡೆಗೆ ಬಡಿದು ಬಂದಿದ್ದರೂ ಆ ಅಂಕಿ ಬಲು ಚೆಂದ ಕಾಣುತ್ತದೆ. ಹಣ ಕಡಿತವಾದ ಮೇಲೆ ಮದ್ದೂರಿನ ಗೂಡ್ಸ್ ಗಾಡಿಯ ಮಾಲೀಕರು ತಕರಾರು ಎತ್ತಿದರೆ, ಆ ಹೊತ್ತಿನಲ್ಲಿ ಸಂಕೇತ ಶುದ್ಧವಾಗಿತ್ತೇ ಎಂದು ತೋರಿಸುವ ಒಂದು ಅಂಕಿಯೂ ಆ ಸಾಲಿನಲ್ಲಿ ಇರುವುದಿಲ್ಲ. ಪ್ರತಿ ಉಪಗ್ರಹದ ಸಿಗ್ನಲ್ ಬಲವನ್ನು ಎರಡು ಫ್ರೀಕ್ವೆನ್ಸಿಗಳಲ್ಲಿ ದಾಖಲಿಸಿ ಕಳಿಸಬೇಕೆಂದು ಮಾನದಂಡದಲ್ಲೇ ಸೇರಿಸಬೇಕು. ಒಂದು ಉಪಗ್ರಹಕ್ಕೆ ಎರಡು ಬೈಟ್ ಎಂದರೂ ಇಪ್ಪತ್ತು ಉಪಗ್ರಹಗಳಿಗೆ ಬೇಕಾಗುವುದು 40 ಬೈಟ್.